ಒಲೆಯ ಬಾಗಿಲು ಮತ್ತು ಒಲೆಯ ವಯಸ್ಸು

ಚಳಿನಾಡುಗಳಲ್ಲಿ ಮನೆಯನ್ನು ಬೆಚ್ಚಗಿಡಲು ಬಳಸುವ ಬೀಡುಕಬ್ಬಿಣದ ಸೌದೆ ಒಲೆಗಳನ್ನು, ಅವು ಹಳೆಯವೆಂಬ ಕಾರಣಕ್ಕೇ ಹೆಚ್ಚು ಬೆಲೆ ತೆತ್ತು ಕೊಳ್ಳುವವರುಂಟು. ಇಂತಹ ಒಂದು ಅಮೆರಿಕದ ಒಲೆಯ ಬಾಗಿಲಿನಲ್ಲಿ ‘ಪೇಟೆಂಟು, 1871’ ಎಂದು ಎರಕದಲ್ಲೇ ಮೂಡಿದೆಯೆಂದು ಭಾವಿಸೋಣ. ಒಲೆ 1871ರದೆಂದು ಮಾರುವವನು ಸಾರುತ್ತಾನೆ; ಕೊಳ್ಳುವವನು ನಂಬುತ್ತಾನೆ. ಈ ತೀರ್ಮಾನವನ್ನು ನಾವು ಒಪ್ಪಲಾರೆವು.

ಆ ಇಸವಿ ಒಲೆಯ ಜನ್ಮವರ್ಷವಲ್ಲ. ಪೇಟೆಂಟು ಪಡೆದ ವಸ್ತುವಿನ ಮೇಲೆ ಪೇಟೆಂಟಿನ ದಿನಾಂಕವನ್ನು ನಮೂದಿಸಬೇಕೆಂದು ಆ ದೇಶದ 1842ರ ಕಾನೂನು ವಿಧಿಸಿತ್ತು. ದಿನಾಂಕದ ಬದಲು ಸಂಖ್ಯೆಯನ್ನು ನಮೂದಿಸುವ ನಿಯಮ ಬಂದುದು 1927ರಲ್ಲಿ. ಮಾದರಿಯೊಂದನ್ನು ಒಮ್ಮೆ ಕೆತ್ತಿದ ಮೇಲೆ ಅದರಿಂದ ವರ್ಷಗಟ್ಟಲೆ ಬಾಗಿಲುಗಳನ್ನು ಎರೆಯಬಹುದು. ಆದ್ದರಿಂದ ಇಸವಿಯು ತಿಳಿಸುವುದು ಇಷ್ಟನ್ನೇ: ಬಾಗಿಲು ಅದಕ್ಕಿಂತ ಹಿಂದಿನದಲ್ಲ.

ಬಾಗಿಲಿನ ಕಿಂಡಿಯ ಮಾತೂ ಹೀಗೆಯೇ. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಂಕಿ ಕಾಣಲೆಂದು ಅಭ್ರಕದ ತೆಳುಹಾಳೆಗಳನ್ನು ಕೂರಿಸುತ್ತಿದ್ದರು. ಗಾಜಿನೊಳಗೆ ಹರಳುಗಳನ್ನು ಬೆಳೆಸಿ ಮಾಡುವ, ಕಾದರೂ ಬಹು ಸ್ವಲ್ಪವೇ ಹಿಗ್ಗುವ ಇಂದಿನ ಹಾಳೆಯ ಮೂಲ, 1953ರಲ್ಲಿ ಕಾರ್ನಿಂಗ್ ಸಂಸ್ಥೆಯ ಡೊನಾಲ್ಡ್ ಸ್ಟೂಕಿಯವರು ಮಾಡಿದ ಶೋಧ. ಆದರೆ ಹಳೆಯ ಚೌಕಟ್ಟಿಗೆ ಹೊಸ ಹಾಳೆಯನ್ನು ತೊಡಿಸುವುದೇನೂ ಕಷ್ಟವಲ್ಲ.

ಬಾಗಿಲೇ ಬದಲಾಗಿದ್ದರೆ? ಇಲ್ಲಿ ಅಲಂಕಾರಕ್ಕಿಂತ ಅಳತೆಯೇ ನಂಬಲರ್ಹವಾದ ಸಾಕ್ಷಿಯೆಂಬುದು ನಮ್ಮ ಅಭಿಪ್ರಾಯ. ಕರಗಿದ ಬೀಡುಕಬ್ಬಿಣವು ಗಟ್ಟಿಯಾಗಿ ತಣ್ಣಗಾಗುವಾಗ ಉದ್ದದಲ್ಲಿ ಸುಮಾರು ನೂರಕ್ಕೆ ಒಂದರಷ್ಟು ಕುಗ್ಗುತ್ತದೆ. ಇದನ್ನರಿತ ಬಡಗಿಯು ಮರದ ಮಾದರಿಯನ್ನು ಅಷ್ಟು ದೊಡ್ಡದಾಗಿಯೇ ಮಾಡುತ್ತಾನೆ. ಬಾಗಿಲು ಒಡೆದಾಗ, ಆ ಹಳೆಯ ಬಾಗಿಲನ್ನೇ ಮರಳಿನಲ್ಲಿ ಒತ್ತಿ ಬದಲಿಯನ್ನು ಎರಕ ಹೊಯ್ದರೆ ಈ ಹೆಚ್ಚಳ ದೊರೆಯದು; 30 ಸೆಂಟಿಮೀಟರ್ ಬಾಗಿಲಿನ ನಕಲು ಸುಮಾರು 3 ಮಿಲಿಮೀಟರ್ ಕಿರಿದಾಗುತ್ತದೆ. ಹೂಬಳ್ಳಿ, ಅಕ್ಷರ, ಇಸವಿ ಎಲ್ಲವೂ ಯಥಾವತ್ತಾಗಿ ಮೂಡಿರುತ್ತವೆ. ಆದರೆ ಬಿಜಾಗರಿ, ಚಿಲಕಗಳು ತಮ್ಮ ಸ್ಥಾನಕ್ಕೆ ಸರಿಯಾಗಿ ಕೂಡುವುದಿಲ್ಲ. ಅಂಚಿನಲ್ಲಿ ಸಂದು ಬೀಳುತ್ತದೆ. (ಶಾಖಕ್ಕೆ ಸೊಟ್ಟಗಾದ ಬಾಗಿಲಿನಲ್ಲಿಯೂ ಸಂದು ಕಾಣುವುದುಂಟು; ಆದುದರಿಂದ ಕಣ್ಣಳತೆ ಸಾಲದು, ಅಳತೆಪಟ್ಟಿ ಬೇಕು.) ಆ ಸಂದಿನಿಂದ ಬೇಡದ ಗಾಳಿ ನುಗ್ಗಿದರೆ ಉರಿ ಹತೋಟಿ ಮೀರುತ್ತದೆಯಾಗಿ ಇದು ಬರಿಯ ಹಳಮೆಯ ಹವ್ಯಾಸವೂ ಅಲ್ಲ.

ವಿಷಾದವೆಂದರೆ, ಒಲೆಯನ್ನು ಕೊಂಡವರು ಮೊದಲು ಮಾಡುವ ಕೆಲಸವೇ ತುಕ್ಕು ತೆಗೆಯುವುದು. ಅರದಿಂದ ಉಜ್ಜಿದ ಅಂಚು ಆಮೇಲೆ ಯಾವ ಅಳತೆಗೂ ಉತ್ತರ ಕೊಡದು. ಮಾರುವವರು ತಮ್ಮ ಚೀಟಿಯಲ್ಲಿ ‘1871’ ಎಂದು ಬರೆಯುವ ಬದಲು ‘1871 ಅಥವಾ ಅದಕ್ಕಿಂತ ಈಚಿನದು, ಬಾಗಿಲನ್ನು ಅಳೆದು ನೋಡಿಲ್ಲ’ ಎಂದು ಬರೆಯಲಿ. ಬೆಲೆ ಕೆಲವು ಡಾಲರುಗಳಷ್ಟು ಇಳಿದೀತು.