ಹಾಡಿಗೆ ನದಿಯ ಹೆಸರಿರಲಿ



ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗೆ, ಅಂದರೆ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬದವರೆಗೆ, ಜಗತ್ತಿನ ಅನೇಕ ಚರ್ಚುಗಳು ‘ಸೃಷ್ಟಿಯ ಕಾಲ’ವನ್ನು ಆಚರಿಸುತ್ತವೆ. ಆ ದಿನಗಳಲ್ಲಿ ಯುವಜನರ ಪಾಲಿಗೆ ಸಾಮಾನ್ಯವಾಗಿ ಎರಡು ಕೆಲಸ ಬರುತ್ತವೆ. ಒಂದು ಸಸಿ ನೆಡುವುದು, ಇನ್ನೊಂದು ಪರಿಸರ ಗೀತೆ ಹಾಡುವುದು. ಸಸಿ ಬದುಕಿತೋ ಒಣಗಿತೋ ಎಂದು ಮುಂದಿನ ವರ್ಷ ಯಾರಾದರೂ ಕೇಳುತ್ತಾರೆ. ಹಾಡಿನ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಹಾಡಿದೆವು, ಚಪ್ಪಾಳೆ ಬಿತ್ತು, ಚಹಾ ಕುಡಿದು ಮನೆಗೆ ಹೋದೆವು. ಆ ಹಾಡು ಏನು ಕೆಲಸ ಮಾಡಿತು?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಂಗೀತಕ್ಕೆ ಪ್ರಕೃತಿಯನ್ನು ಕಾಪಾಡುವಷ್ಟು ಜನರನ್ನು ಎಬ್ಬಿಸುವ ಶಕ್ತಿ ಖಂಡಿತ ಇದೆ. ಆದರೆ ‘ಗಿಡ ಮರ ಹಕ್ಕಿ ಎಷ್ಟು ಚೆಂದ’ ಎನ್ನುವ ಹಾಡಿಗೆ ಆ ಶಕ್ತಿ ಬರುವುದು ಕಡಿಮೆ. ಅದನ್ನು ಕೇಳಿ ಯಾರಿಗೂ ಮುಜುಗರವಾಗುವುದಿಲ್ಲ, ಯಾರಿಗೂ ಕೆಲಸವೂ ಹತ್ತುವುದಿಲ್ಲ. ತನ್ನ ಊರಿನ ನದಿಯ ಹೆಸರು ಹಿಡಿದು, ಮನೆಯ ಮಾತಿನಲ್ಲಿ, ಒಂದು ಬೇಡಿಕೆ ಇಟ್ಟು ಹಾಡುವ ಹಾಡಿಗೆ ಆ ಶಕ್ತಿ ಬರುತ್ತದೆ.

ನಮ್ಮ ನದಿಗಳಿಗೆ ಹೆಸರಿಗೇನೂ ಕೊರತೆಯಿಲ್ಲ. ಕಾಸಾರಿ, ಕುಂಭಿ, ತುಳಸಿ, ಭೋಗಾವತಿ ಕೂಡಿ, ಕಣ್ಣಿಗೆ ಕಾಣದ ಸರಸ್ವತಿಯೂ ಸೇರಿ ಪಂಚಗಂಗಾ ಆಗಿದ್ದಾಳೆ ಎಂದು ಕೊಲ್ಹಾಪುರದ ಹಿರಿಯರು ಹೇಳುತ್ತಾರೆ. ಕೊಲ್ಹಾಪುರದ ಚರಂಡಿ ನೀರು ಅವಳಿಗೆ ಸೇರುತ್ತದೆ. ಮುಂದೆ ಇಚಲಕರಂಜಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಪ್ರೊಸೆಸಿಂಗ್ ಘಟಕಗಳ ನೀರೂ ಸೇರುತ್ತದೆ. ಅಲ್ಲಿಂದ ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಕೂಡಿ ಕರ್ನಾಟಕಕ್ಕೆ ಹೋಗುತ್ತಾಳೆ. ಗಡಹಿಂಗ್ಲಜದ ಹಿರಣ್ಯಕೇಶಿ ಅಂಬೋಲಿಯ ಬೆಟ್ಟದಲ್ಲಿ ಹುಟ್ಟಿ, ಆಜರಾ ದಾಟಿ, ನಮ್ಮ ಮುಂದೆ ಹಾದು, ಸಂಕೇಶ್ವರದ ಮೇಲೆ ಹೋಗಿ ಘಟಪ್ರಭೆಗೆ ಸೇರುತ್ತಾಳೆ. ಗಡಿಯ ಬಗ್ಗೆ ನಾವು ಎಷ್ಟೇ ಜಗಳಾಡಿದರೂ ನೀರು ಕೇಳುವುದಿಲ್ಲ. ಗಡಹಿಂಗ್ಲಜದಲ್ಲಿ ಬಿಟ್ಟದ್ದು ಸಂಕೇಶ್ವರದ ಕೊಡದಲ್ಲಿ ಬರುತ್ತದೆ.

ನಾನು ಓದಿದ್ದು ಬಿ.ಎಸ್ಸಿ., ಹಾಗಾಗಿ ಒಂದು ಲೆಕ್ಕ ಹೇಳದೆ ಇರಲಾರೆ. ಸ್ನಾನಕ್ಕೆ ಯೋಗ್ಯವಾದ ನದಿ ನೀರಿನಲ್ಲಿ ಒಂದು ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು. ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕ, ಅಂದರೆ ಬಿಒಡಿ, 3 ಮಿಲಿಗ್ರಾಂ ಮೀರಬಾರದು. ಚರಂಡಿ ನೀರು ಹೆಚ್ಚಾದಷ್ಟೂ ಎರಡನೆಯದು ಏರುತ್ತದೆ, ಮೊದಲನೆಯದು ಇಳಿಯುತ್ತದೆ, ಮೀನು ಸಾಯುತ್ತವೆ. ನದಿಯ ಮೇಲೆ ಹಸಿರು ಹಾಸಿದಂತೆ ಜಲಪರ್ಣಿ ಬೆಳೆದದ್ದನ್ನು ನೀವು ನೋಡಿದ್ದೀರಿ. ದೂರದಿಂದ ಚೆಂದ ಕಾಣುತ್ತದೆ. ಆದರೆ ಅದು ಕೊಳೆಯಲ್ಲಿರುವ ನೈಟ್ರೇಟ್, ಫಾಸ್ಫೇಟ್ ತಿಂದು ಕೊಬ್ಬಿದ ಕಳೆ. ಎಲ್ಲ ಹಸಿರೂ ಉಸಿರಲ್ಲ ಎಂದು ನಮ್ಮ ಹಾಡುಗಳು ಇನ್ನೂ ಕಲಿಯಬೇಕಾಗಿದೆ. 2012ರಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ಹಬ್ಬಿ ಜೀವಗಳೇ ಹೋದವು. 2019ರಲ್ಲಿ ಮತ್ತು 2021ರಲ್ಲಿ ಅದೇ ಪಂಚಗಂಗಾ ಉಕ್ಕಿ ಊರೊಳಗೆ ಬಂದಳು, ಹೆದ್ದಾರಿ ಬಂದ್ ಆಯಿತು, ಶಿರೋಳ ತಾಲೂಕಿನ ಊರೂರುಗಳು ನೀರಲ್ಲಿ ನಿಂತವು. ಹವಾಮಾನ ಬಿಸಿಯಾದಂತೆ ಇಂಥ ಭಾರೀ ಮಳೆ ಹೆಚ್ಚುತ್ತದೆ ಎಂದು ವಿಜ್ಞಾನಿಗಳು ಎಚ್ಚರಿಸುತ್ತಲೇ ಇದ್ದಾರೆ.

‘ಇಷ್ಟು ದೊಡ್ಡ ಸಮಸ್ಯೆಗೆ ಹಾಡು ಏನು ಮಾಡೀತು?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಪಂಚಗಂಗಾ ಕೃಷ್ಣೆಗೆ ಸೇರುವ ಜಾಗದ ಹತ್ತಿರವೇ ಕುರುಂದವಾಡ ಇದೆ. 1872ರಲ್ಲಿ ಅಲ್ಲಿ ಹುಟ್ಟಿದವರು ಪಂಡಿತ್ ವಿಷ್ಣು ದಿಗಂಬರ ಪಲುಸ್ಕರ್. ಚಿಕ್ಕವರಿದ್ದಾಗ ಪಟಾಕಿ ಸಿಡಿದು ದೃಷ್ಟಿ ಕಳೆದುಕೊಂಡರು. ಮಿರಜದಲ್ಲಿ ಬಾಳಕೃಷ್ಣಬುವಾ ಇಚಲಕರಂಜಿಕರ ಅವರ ಬಳಿ ಸಂಗೀತ ಕಲಿತರು. ಅರಮನೆಗಳಲ್ಲಿ ಕೂತಿದ್ದ ಸಂಗೀತವನ್ನು ಜನಸಾಮಾನ್ಯರ ಮುಂದೆ ತಂದರು, 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ‘ರಘುಪತಿ ರಾಘವ’ ಭಜನೆಗೆ ನಮಗೆಲ್ಲ ಪರಿಚಿತವಾದ ಧಾಟಿ ಕೊಟ್ಟವರು ಅವರೇ. 1930ರಲ್ಲಿ ದಂಡಿ ಯಾತ್ರೆಯ ಜನ ಅದನ್ನು ಹಾಡುತ್ತ 24 ದಿನ ನಡೆದರು. ಆ ಭಜನೆಯಲ್ಲಿ ಉಪ್ಪಿನ ಮಾತೇ ಇಲ್ಲ, ನಿಜ. ಆದರೆ ನಡೆಯುವವರಿಗೆ ತಾವು ಎಲ್ಲಿಗೆ, ಯಾತಕ್ಕೆ ಹೋಗುತ್ತಿದ್ದೇವೆ ಎಂಬುದು ಗೊತ್ತಿತ್ತು. ಹಾಡು ಕಾನೂನು ಮುರಿಯಲಿಲ್ಲ, ಮುರಿಯಲು ಹೊರಟವರು ದಾರಿಯಲ್ಲಿ ಚದುರದಂತೆ ಹಿಡಿದಿಟ್ಟಿತು.

ಕಾಡಿನ ವಿಷಯಕ್ಕೆ ಬಂದರೂ ಇದೇ ಕಥೆ. ಹಿಮಾಲಯದ ಚಿಪ್ಕೋ ಚಳವಳಿಯಲ್ಲಿ ಘನಶ್ಯಾಮ ಸೈಲಾನಿ ಎಂಬ ಜನಪದ ಕವಿ ಊರೂರು ತಿರುಗಿ ಹಾಡು ಕಟ್ಟಿದರು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡರು. ಅದೇ ನಮ್ಮ ಅಪ್ಪಿಕೋ ಚಳವಳಿ. ಪಾದಯಾತ್ರೆ, ಬೀದಿ ನಾಟಕ, ಜನಪದ ಹಾಡು, ಯಕ್ಷಗಾನದ ಮೂಲಕ ಅದು ಹಳ್ಳಿಯಿಂದ ಹಳ್ಳಿಗೆ ಹಬ್ಬಿತು. ಅವರ ಘೋಷಣೆಯಲ್ಲಿ ಇದ್ದದ್ದು ಮೂರೇ ಮಾತು: ಉಳಿಸು, ಬೆಳೆಸು, ಬಳಸು. ಮೂರೂ ಕೆಲಸದ ಮಾತುಗಳು. ಕೇಳಿದವನಿಗೆ ನಾಳೆ ಬೆಳಿಗ್ಗೆ ಏನು ಮಾಡಬೇಕು ಎಂದು ತಿಳಿಯುತ್ತಿತ್ತು.

ಇತ್ತೀಚಿನ ಉದಾಹರಣೆಯೂ ಇದೆ. ಕೊಡೈಕೆನಾಲಿನ ಥರ್ಮಾಮೀಟರ್ ಕಾರ್ಖಾನೆ ಪಾದರಸದ ಮಾಲಿನ್ಯದ ಆರೋಪದಿಂದ 2001ರಲ್ಲಿ ಮುಚ್ಚಿತು. ಕಾರ್ಮಿಕರು ಪರಿಹಾರಕ್ಕಾಗಿ ವರ್ಷಗಟ್ಟಲೆ ಹೋರಾಡಿದರು. 2015ರಲ್ಲಿ ಸೋಫಿಯಾ ಅಶ್ರಫ್ ಎಂಬ ಯುವತಿ ಹಾಡಿದ ‘ಕೊಡೈಕೆನಾಲ್ ವೋಂಟ್’ ಎಂಬ ರ‍್ಯಾಪ್ ಹಾಡನ್ನು ಇಂಟರ್ನೆಟ್‌ನಲ್ಲಿ ಲಕ್ಷಾಂತರ ಜನ ನೋಡಿದರು. ಮರುವರ್ಷ ಮಾರ್ಚಿನಲ್ಲಿ ಕಂಪನಿ 591 ಮಾಜಿ ಕಾರ್ಮಿಕರೊಡನೆ ಒಪ್ಪಂದ ಮಾಡಿಕೊಂಡಿತು. ಹಾಡೊಂದರಿಂದಲೇ ಇದೆಲ್ಲ ಆಯಿತು ಎಂದರೆ ಆ ಕಾರ್ಮಿಕರಿಗೆ ಅನ್ಯಾಯ. ಹೋರಾಟ ಅವರದು. ಹಾಡು ಅದನ್ನು ದೇಶಕ್ಕೆ ಕೇಳಿಸಿತು. 2017ರಲ್ಲಿ ಟಿ.ಎಂ. ಕೃಷ್ಣ ಅವರು ಚೆನ್ನೈನ ಎಣ್ಣೂರು ಹಿನ್ನೀರಿನ ಬಗ್ಗೆ ಕರ್ನಾಟಕ ಸಂಗೀತದಲ್ಲಿ ‘ಪೊರಂಬೋಕು’ ಹಾಡು ಹಾಡಿದರು. ಅದರ ಸಾಹಿತ್ಯ ಬೀದಿಯ ತಮಿಳಿನಲ್ಲಿತ್ತು. ಎಲ್ಲರಿಗೂ ಸೇರಿದ ಜಾಗ ಎಂಬ ಅರ್ಥದ ಆ ಪದ ಬೈಗುಳವಾಗಿಬಿಟ್ಟಿತ್ತು. ಹಾಡು ಅದಕ್ಕೆ ಮರ್ಯಾದೆ ವಾಪಸು ತಂದಿತು.

ಮನೆಯ ಮಾತು ಎಂದೆನಲ್ಲ, ಅದಕ್ಕೆ ನಮ್ಮ ಸಭೆಯಲ್ಲೇ ಹಳೆಯ ಮಾದರಿ ಇದೆ. ಸಂತ ಫ್ರಾನ್ಸಿಸರು ಸುಮಾರು 1225ರಲ್ಲಿ, ಕಣ್ಣು ಮಂಜಾಗಿ ನರಳುತ್ತಿದ್ದ ದಿನಗಳಲ್ಲಿ, ಸೃಷ್ಟಿಗಳ ಗೀತೆಯನ್ನು ಕಟ್ಟಿದರು. ಚರ್ಚಿನ ಭಾಷೆ ಲ್ಯಾಟಿನ್ ಆಗಿದ್ದ ಕಾಲದಲ್ಲಿ ಅವರು ಊರ ಜನರ ಮಾತಿನಲ್ಲಿ ಹಾಡಿದರು. ಪೋಪ್ ಫ್ರಾನ್ಸಿಸರು 2015ರಲ್ಲಿ ಪರಿಸರದ ಬಗ್ಗೆ ಬರೆದ ವಿಶ್ವಪತ್ರಕ್ಕೆ ‘ಲೌದಾತೋ ಸಿ’ ಎಂಬ ಹೆಸರು ಬಂದದ್ದು ಆ ಗೀತೆಯಿಂದಲೇ. ಹಾಗಾದರೆ ನಮ್ಮ ಹಾಡು ಯಾವ ಭಾಷೆಯಲ್ಲಿ? ಗಡಹಿಂಗ್ಲಜದ ಅನೇಕ ಮನೆಗಳಲ್ಲಿ ಅಜ್ಜಿಯ ಮಾತು ಕನ್ನಡ, ಶಾಲೆಯ ಮಾತು ಮರಾಠಿ. ಒಂದು ನುಡಿ ಕನ್ನಡದಲ್ಲಿ, ಒಂದು ನುಡಿ ಮರಾಠಿಯಲ್ಲಿ ಹಾಡಲು ನಮಗಿಂತ ತಕ್ಕವರು ಯಾರಿದ್ದಾರೆ? ಇತ್ತ ಗೀಗೀ ಪದದ ದಪ್ಪಿನ ಪೆಟ್ಟು ಇದೆ, ಅತ್ತ ಪೋವಾಡದ ಏರುದನಿ ಇದೆ. ಎರಡೂ ಜನರನ್ನು ಎಬ್ಬಿಸಲೆಂದೇ ಹುಟ್ಟಿದ ಧಾಟಿಗಳು.

ಇಲ್ಲಿ ಒಂದು ಕಷ್ಟದ ಮಾತೂ ಇದೆ. ಇಚಲಕರಂಜಿಯಲ್ಲಿ ನಮ್ಮ ಎಷ್ಟೋ ಮನೆಗಳ ಅನ್ನ ಪವರ್‌ಲೂಮ್, ಸೈಜಿಂಗ್, ಪ್ರೊಸೆಸಿಂಗ್‌ನಿಂದ ಬರುತ್ತದೆ. ಅಲ್ಲಿ ನಿಂತು ‘ಕಾರ್ಖಾನೆಯೇ ಪಾಪಿ’ ಎಂದು ಹಾಡಿದರೆ ದುಡಿದು ಬಂದ ಅಪ್ಪನ ಮುಖಕ್ಕೆ ಹೊಡೆದಂತಾಗುತ್ತದೆ. ಅಂಥ ಹಾಡು ಬೇಡ. ಮಗ್ಗ ನಿಲ್ಲಲಿ ಎಂದು ಕೇಳುವುದಲ್ಲ, ಬಣ್ಣದ ನೀರು ಶುದ್ಧವಾಗದೆ ಹೊರಗೆ ಬರಬಾರದು ಎಂದು ಕೇಳಬೇಕು. ಆ ನೀರಿನಿಂದ ಮೊದಲು ಕಾಯಿಲೆ ಬೀಳುವವನು ಕಾರ್ಮಿಕನೇ. ಹಾಡು ಅವನ ಪಕ್ಕದಲ್ಲಿ ನಿಂತಿರಬೇಕು.

ಇನ್ನೊಂದು ಮಾತು ನಮಗೇ ಹೇಳಿಕೊಳ್ಳಬೇಕಾದದ್ದು. ಡೀಸೆಲ್ ಜನರೇಟರ್ ಹಚ್ಚಿ, ಡಾಲ್ಬಿ ಕಟ್ಟಿ, ಕಿಟಕಿಯ ಗಾಜು ನಡುಗುವಂತೆ ಪರಿಸರ ಗೀತೆ ಹಾಕಿದರೆ ಅದು ಯಾವ ಪರಿಸರ? ಶಬ್ದ 10 ಡೆಸಿಬಲ್ ಏರಿದರೆ ಅದರ ಶಕ್ತಿ 10 ಪಟ್ಟು ಆಗುತ್ತದೆ. ವಸತಿ ಪ್ರದೇಶದಲ್ಲಿ ಹಗಲಿಗೆ ನಿಯಮದ ಮಿತಿ 55 ಡೆಸಿಬಲ್, ರಾತ್ರಿ 45. ನೆರೆಯವರ ಹಬ್ಬದ ಮೆರವಣಿಗೆಯ ಬಗ್ಗೆ ಮಾತಾಡುವ ಮೊದಲು ನಮ್ಮ ಮದುವೆ, ನಮ್ಮ ಕ್ರಿಸ್ಮಸ್ ಕಾರ್ಯಕ್ರಮ ನೋಡಿಕೊಳ್ಳೋಣ. ಕೊಲ್ಹಾಪುರದಲ್ಲಿ ಗಣೇಶ ಹಬ್ಬಕ್ಕೆ ಮೂರ್ತಿದಾನ ಮಾಡಿ, ನಿರ್ಮಾಲ್ಯವನ್ನು ನೀರಿಗೆ ಬಿಡದೆ ಬೇರೆಯಾಗಿ ಕೂಡಿಸುವ ನೆರೆಯವರಿಂದ ನಾವು ಕಲಿಯುವುದಿದೆ. ಹಾಡನ್ನು ಕೇಳಿಸುವುದಕ್ಕಿಂತ ಹಾಡಿಸುವುದು ದೊಡ್ಡದು. ತಾನೇ ಬಾಯಿಬಿಟ್ಟು ಹಾಡಿದ ಮಾತನ್ನು ಮನುಷ್ಯ ಬೇಗ ಮರೆಯುವುದಿಲ್ಲ. ಢೋಲಕ್, ತಾಳ, ಹತ್ತು ಗಂಟಲು ಸಾಕು.

ಈಗ ಆ ಪ್ರಶ್ನೆಗೆ ಉತ್ತರ. ಹಾಡು ನೀರನ್ನು ಶುದ್ಧ ಮಾಡುವುದಿಲ್ಲ, ಅದಕ್ಕೆ ಶುದ್ಧೀಕರಣ ಘಟಕವೇ ಬೇಕು. ಆದರೆ ಘಟಕ ದಿನವೂ ನಡೆಯಬೇಕಾದರೆ ಯಾರಾದರೂ ದಿನವೂ ಕೇಳುತ್ತಿರಬೇಕು. ನಾವು ಮಹಾಪೂರ ಇಳಿದ ಮೇಲೆ ಮರೆಯುತ್ತೇವೆ, ಕಾಮಾಲೆ ವಾಸಿಯಾದ ಮೇಲೆ ಮರೆಯುತ್ತೇವೆ. ಅಮೆರಿಕದ ಗಾಯಕ ಪೀಟ್ ಸೀಗರ್ ಇದನ್ನು ಬಲ್ಲವರು. ಕೊಳಕಾಗಿದ್ದ ಹಡ್ಸನ್ ನದಿಗೆ ಗೆಳೆಯರೊಂದಿಗೆ ‘ಕ್ಲಿಯರ್‌ವಾಟರ್’ ಎಂಬ ಹಾಯಿದೋಣಿ ಕಟ್ಟಿಸಿ 1969ರಲ್ಲಿ ನೀರಿಗಿಳಿಸಿದರು. ದಡದ ಊರುಗಳಲ್ಲಿ ನಿಲ್ಲಿಸಿ ಹಾಡಿದರು, ಮಕ್ಕಳನ್ನು ಹತ್ತಿಸಿಕೊಂಡು ನದಿ ತೋರಿಸಿದರು. ಅವರು ಹಾಡಿದ್ದು ಒಂದು ಸಂಜೆಯಲ್ಲ, ದಶಕಗಳ ಕಾಲ.

ಆದ್ದರಿಂದ ನನ್ನ ಸಲಹೆ ಇಷ್ಟು. ಈ ಸಲದ ಸೃಷ್ಟಿಯ ಕಾಲಕ್ಕೆ ಮೂರೂ ಊರಿನ ಯುವಕರು ಒಂದೊಂದು ಹಾಡು ಕಟ್ಟೋಣ. ಕೊಲ್ಹಾಪುರದವರು ನದಿಗೆ ಬೀಳುವ ನಾಲೆಗಳ ಮೇಲೆ, ಇಚಲಕರಂಜಿಯವರು ಬಣ್ಣದ ನೀರಿನ ಮೇಲೆ, ಗಡಹಿಂಗ್ಲಜದವರು ಸಂಕೇಶ್ವರಕ್ಕೆ ಹೋಗುವ ನೀರಿನ ಮೇಲೆ. ಹಾಡಿನ ಕೊನೆಯ ನುಡಿಯಲ್ಲಿ ಒಂದೇ ಬೇಡಿಕೆ ಇರಲಿ. ಅದೇ ಬೇಡಿಕೆಯನ್ನು ಅರ್ಜಿಯಾಗಿ ಬರೆದು, ಸಹಿ ಮಾಡಿ, ನಗರಸಭೆ ಅಥವಾ ಮಹಾನಗರಪಾಲಿಕೆಗೆ ಕೊಡೋಣ. ಉತ್ತರ ಬರುವವರೆಗೆ ತಿಂಗಳಿಗೊಮ್ಮೆ ಘಾಟಿನಲ್ಲಿ ನಿಂತು ಹಾಡೋಣ, ನೆರೆಹೊರೆಯವರನ್ನೂ ಕರೆಯೋಣ. ನದಿ ಯಾವ ಒಂದು ಸಭೆಯದೂ ಅಲ್ಲ.

ಪದ ಕಟ್ಟಲು ಬರುವವರು, ಢೋಲಕ್ ಬಾರಿಸುವವರು, ಮರಾಠಿ ನುಡಿ ತಿದ್ದುವವರು ಮುಂದಿನ ಭಾನುವಾರ ಪೂಜೆಯ ನಂತರ ನಿಲ್ಲಿರಿ. ಅಜ್ಜಿಯಂದಿರನ್ನೂ ಕರೆತನ್ನಿ. ಹಳೆಯ ಬೀಸುವ ಪದಗಳ ಧಾಟಿ ಇರುವುದು ಅವರ ಬಳಿ.