ವಿಮೆ ದಂಡ ತಪ್ಪಿಸಲಿಕ್ಕಲ್ಲ, ನೆರೆಯವನಿಗಾಗಿ

ಹರಪನಹಳ್ಳಿಯ ನೀಲಗುಂದವಿರಲಿ, ನಮ್ಮ ಕರಾವಳಿಯಿರಲಿ, ಬೈಕಿನ ವಿಮೆ ಮುಗಿದದ್ದು ಹಲವರ ಗಮನಕ್ಕೇ ಬರುವುದಿಲ್ಲ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷಗಳ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಯಿತು. ಅನಂತರದ ನವೀಕರಣ ಮಾಲಿಕನ ಹೊಣೆ. 2019ರ ತಿದ್ದುಪಡಿಯಂತೆ ವಿಮೆಯಿಲ್ಲದಿದ್ದರೆ ಮೊದಲ ಸಲ ದಂಡ 2,000 ರೂಪಾಯಿ. 2022ರಲ್ಲಿ 75ರಿಂದ 150 ಸಿಸಿ ಬೈಕಿಗೆ ನಿಗದಿಯಾದ ವಾರ್ಷಿಕ ಪ್ರೀಮಿಯಂ 714 ರೂಪಾಯಿ ಮಾತ್ರ. ಈ ದರ ಸರಕಾರ ಗೊತ್ತುಪಡಿಸಿದ್ದು. ಸ್ವಂತ ವಾಹನದ ಹಾನಿಯ ವಿಮೆಗಷ್ಟೇ ಕಂಪೆನಿಗಳ ದರ ಹೋಲಿಸಿ. ಕ್ಲೇಮ್ ಮಾಡದವರಿಗೆ ಅದರಲ್ಲಿ ಶೇ. 20ರಿಂದ 50ರಷ್ಟು ರಿಯಾಯಿತಿಯಿದೆ. ಎಚ್ಚರದ ಚಾಲನೆಯೇ ಅಗ್ಗದ ವಿಮೆ.

ಲೈಸೆನ್ಸ್ ಇಲ್ಲದ ಮಗನಿಗೆ ಬೈಕ್ ಕೊಟ್ಟು ಅಪಘಾತವಾದರೆ, ಕಂಪೆನಿ ಪರಿಹಾರ ಕೊಟ್ಟರೂ ತಂದೆಯಿಂದ ವಸೂಲು ಮಾಡಬಹುದು. ವಿಮೆಯೇ ಇಲ್ಲದಿದ್ದರೆ ಗಾಯಗೊಂಡ ಕೂಲಿಯವನ ಮನೆಯೂ ನಮ್ಮ ಮನೆಯೂ ಬೀದಿಪಾಲು. ಪರಪ್ರೀತಿಯ ಆಜ್ಞೆ ರಸ್ತೆಗೂ ಅನ್ವಯಿಸುತ್ತದೆ. ಈ ಭಾನುವಾರ ಬಲಿಪೂಜೆಗೆ ಹೊರಡುವ ಮುನ್ನ ವಿಮಾಪತ್ರದ ದಿನಾಂಕ ನೋಡಿಕೊಳ್ಳಿ.