ಮಿಂಚುಹುಳು ಮರೆಯಾಯಿತು, ಸೊಳ್ಳೆ ಮನೆ ಮಾಡಿತು

ಈಸ್ಟರ್ ಹಬ್ಬ ಕಳೆದು, ಮೇ ತಿಂಗಳ ಮದುವೆ-ರೋಸ್‌ಗಳ ಸಡಗರ ಮುಗಿಯುತ್ತಾ ಬರುವಾಗ ಕರಾವಳಿಯ ಸೆಕೆ ತಡೆಯಲಾಗದಷ್ಟು ಏರುತ್ತದೆ. ಮೋಡ ಕಟ್ಟುತ್ತದೆ, ಮಳೆ ಮಾತ್ರ ಬರುವುದಿಲ್ಲ. ಇದೇ ಹೊತ್ತಿಗೆ ಹುಳಹುಪ್ಪಟೆಗಳ ಕಾಲವೂ ಆರಂಭವಾಗುತ್ತದೆ. ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಗೆದ್ದಲು, ತೋಟದ ಬದಿಯ ಮರಗಳಲ್ಲಿ ಮಿನುಗುವ ಮಿಂಚುಹುಳು, ಕಿವಿಯ ಬಳಿ ಗುಂಯ್‌ಗುಡುವ ಸೊಳ್ಳೆ. ಇವುಗಳಲ್ಲಿ ಮಿಂಚುಹುಳು ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ಇಷ್ಟ. ಸೊಳ್ಳೆ ಯಾರಿಗೂ ಬೇಡ. ಆದರೆ ಬೇಕಾದದ್ದು ನಮ್ಮ ಅಂಗಳ ಬಿಟ್ಟು ಹೋಗುತ್ತಿದೆ, ಬೇಡವಾದದ್ದು ಮನೆಯೊಳಗೇ ಬಂದು ಕುಳಿತಿದೆ. ಇವೆರಡೂ ಬೇರೆ ಬೇರೆ ಸಂಗತಿಗಳಲ್ಲ, ನಾವು ಬದುಕುವ ಮತ್ತು ಕಟ್ಟುವ ರೀತಿಯ ಎರಡು ಫಲಗಳು ಎಂದರೆ ತಪ್ಪಾಗಲಾರದು.

ಕತ್ತಲೆ ಕಳೆದುಕೊಂಡ ಮಿಂಚುಹುಳು

ಮಿಂಚುಹುಳು ದುಂಬಿಯ ಜಾತಿಗೆ ಸೇರಿದ ಕೀಟ. ಅದರ ಆಯುಷ್ಯದ ಬಹುಪಾಲು ತೇವವಿರುವ ಮಣ್ಣಿನಲ್ಲಿ, ತರಗೆಲೆಗಳ ಅಡಿಯಲ್ಲಿ ಮರಿಹುಳುವಾಗಿಯೇ ಕಳೆಯುತ್ತದೆ. ಬಸವನಹುಳುಗಳನ್ನು ತಿಂದು ಬೆಳೆಯುವ ಇದು ರೆಕ್ಕೆ ಬಂದ ಮೇಲೆ ಬದುಕುವುದು ಕೆಲವೇ ವಾರ. ಆ ಅಲ್ಪ ಅವಧಿಯಲ್ಲಿ ಗಂಡು ಮತ್ತು ಹೆಣ್ಣು ಬೆಳಕಿನ ಸಂಕೇತದಿಂದ ಪರಸ್ಪರ ಗುರುತಿಸಬೇಕು. ಸುತ್ತಲೂ ಪ್ರಖರ ದೀಪಗಳಿದ್ದರೆ ಒಂದರ ಮಿಣುಕು ಇನ್ನೊಂದಕ್ಕೆ ಕಾಣಿಸುವುದಿಲ್ಲ. ಜೋಡಿಯಾಗದಿದ್ದರೆ ಮುಂದಿನ ವರ್ಷಕ್ಕೆ ಸಂತತಿಯೇ ಇಲ್ಲ.

ನೆಲೆಯ ನಾಶ, ಕೀಟನಾಶಕ ಮತ್ತು ಕೃತಕ ಬೆಳಕು ಇವೇ ಮಿಂಚುಹುಳುಗಳಿಗೆ ಎದುರಾಗಿರುವ ದೊಡ್ಡ ಅಪಾಯಗಳೆಂದು 2020ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ತಜ್ಞರ ಅಧ್ಯಯನವೊಂದು ಹೇಳಿತ್ತು. ನಮ್ಮ ಊರುಗಳನ್ನೊಮ್ಮೆ ನೋಡೋಣ. ಗುಡ್ಡ ತಗ್ಗಿಸಿ ನಿವೇಶನ ಮಾಡುತ್ತೇವೆ, ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸುತ್ತೇವೆ, ತೋಟದ ಹುಲ್ಲಿಗೆ ಕಳೆನಾಶಕ ಹೊಡೆಯುತ್ತೇವೆ, ಗೇಟಿನಿಂದ ಜಗಲಿಯವರೆಗೆ ಇಡೀ ರಾತ್ರಿ ದೀಪ ಉರಿಸುತ್ತೇವೆ. ಹುಳುವಿಗೆ ಮಣ್ಣೂ ಉಳಿಯಲಿಲ್ಲ, ಕತ್ತಲೆಯೂ ಉಳಿಯಲಿಲ್ಲ.

ನಾವೇ ಸಾಕಿದ ಸೊಳ್ಳೆ

ಸೊಳ್ಳೆಯ ಕಥೆ ಇದಕ್ಕೆ ತದ್ವಿರುದ್ಧ. ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂಬುದಕ್ಕೆ ರೊನಾಲ್ಡ್ ರಾಸ್ ಅವರಿಗೆ ಪುರಾವೆ ದೊರೆತದ್ದು 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ. ಕಾರಣ ತಿಳಿದು ಶತಮಾನ ಕಳೆದರೂ, ಮಂಗಳೂರಿನಲ್ಲಿ 1990ರ ದಶಕದಿಂದ ಮಲೇರಿಯಾ ಮತ್ತೆ ತಲೆಯೆತ್ತಿತು. ನಗರದಲ್ಲಿ ಕಟ್ಟಡಗಳು ಎದ್ದಂತೆ ಜ್ವರವೂ ಹೆಚ್ಚಿತು ಎಂಬುದು ಗಮನಾರ್ಹ. ನಗರದಲ್ಲಿ ಈ ರೋಗ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆ ಚರಂಡಿಯ ಕೊಳಚೆಗಿಂತ ಶುದ್ಧ ನೀರನ್ನೇ ಇಷ್ಟಪಡುತ್ತದೆ. ಮುಚ್ಚಳವಿಲ್ಲದ ಓವರ್‌ಹೆಡ್ ಟ್ಯಾಂಕ್, ಬಳಕೆಯಿಲ್ಲದ ಬಾವಿ, ಕಾಂಕ್ರೀಟ್ ಗಟ್ಟಿಯಾಗಲೆಂದು ಸ್ಲ್ಯಾಬ್ ಮೇಲೆ ಕಟ್ಟಿ ನಿಲ್ಲಿಸಿದ ನೀರು ಅದಕ್ಕೆ ಸಾಕು.

ಡೆಂಗ್ಯೂ ಮತ್ತು ಚಿಕುನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆಗೆ ಅಷ್ಟೂ ಬೇಡ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಗೆರಟೆ, ರಬ್ಬರ್ ಹಾಲಿನ ಚಿಪ್ಪು, ಹಳೆಯ ಟಯರ್, ಫ್ರಿಜ್‌ನ ಹಿಂಬದಿಯ ತಟ್ಟೆ ಇವುಗಳಲ್ಲಿ ನಿಂತ ಒಂದಿಷ್ಟು ನೀರಿನಲ್ಲೇ ಅದು ಸಂಸಾರ ಹೂಡುತ್ತದೆ. 2008ರಲ್ಲಿ ದಕ್ಷಿಣ ಕನ್ನಡದ ತೋಟದ ಊರುಗಳಲ್ಲಿ ಚಿಕುನ್‌ಗುನ್ಯಾ ಹಾಸಿಗೆ ಹಿಡಿಸಿದ್ದನ್ನು, ತಿಂಗಳುಗಟ್ಟಲೆ ಗಂಟುನೋವು ಅನುಭವಿಸಿದವರು ಇಂದಿಗೂ ಮರೆತಿಲ್ಲ. 2019ರ ಮಳೆಗಾಲದಲ್ಲಿ ಮಂಗಳೂರು ಡೆಂಗ್ಯೂವಿಗೆ ನಲುಗಿತು. 2024ರಲ್ಲಿ ರಾಜ್ಯದಾದ್ಯಂತ ಪ್ರಕರಣಗಳು ಏರಿದಾಗ ಸರಕಾರವು ಸೆಪ್ಟೆಂಬರ್‌ನಲ್ಲಿ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ನಿಗದಿ ಮಾಡಿತು. ನಗರದ ಮನೆಗಳಿಗೆ 400 ರೂಪಾಯಿ, ಹಳ್ಳಿಯ ಮನೆಗಳಿಗೆ 200, ನಗರದ ಕಟ್ಟಡ ಕಾಮಗಾರಿ ಸ್ಥಳಗಳಿಗೆ 2,000. ಒಬ್ಬ ರೋಗಿಯ ಆಸ್ಪತ್ರೆ ಬಿಲ್ಲಿನ ಮುಂದೆ ಈ ಮೊತ್ತ ಏನೇನೂ ಅಲ್ಲ.

ಜ್ವರ ಯಾರಿಗೆ, ಹೊಣೆ ಯಾರದು?

ಹಾಗೆಂದು ನಿರಾಶರಾಗಬೇಕಿಲ್ಲ. ದೇಶದಲ್ಲಿ 2015ರಲ್ಲಿ ಸುಮಾರು 11.7 ಲಕ್ಷವಿದ್ದ ಮಲೇರಿಯಾ ಪ್ರಕರಣಗಳು 2023ಕ್ಕೆ ಸುಮಾರು 2.27 ಲಕ್ಷಕ್ಕೆ ಇಳಿದವು. ಮಂಗಳೂರಿನಲ್ಲಿಯೂ 2015ರಿಂದ ಆರೋಗ್ಯ ಕಾರ್ಯಕರ್ತರು ಟ್ಯಾಬ್ಲೆಟ್ ಹಿಡಿದು ರೋಗಿಯ ಮನೆಬಾಗಿಲಿಗೇ ಹೋಗಿ, ಸುತ್ತಲಿನ ನೀರಿನ ತಾಣಗಳನ್ನು ಗುರುತಿಸಿ ದಾಖಲಿಸುವ ವ್ಯವಸ್ಥೆ ಬಂದ ಮೇಲೆ ರೋಗ ಗಣನೀಯವಾಗಿ ಕಡಿಮೆಯಾಯಿತು. ಶ್ರದ್ಧೆಯಿಂದ ಬೆನ್ನು ಹತ್ತಿದರೆ ಸೊಳ್ಳೆಯನ್ನು ಸೋಲಿಸಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದರೂ ಒಂದು ಮಾತು ಕೇಳಿಬರುತ್ತಲೇ ಇದೆ: ‘ಮಲೇರಿಯಾ ತಂದವರು ಹೊರರಾಜ್ಯದ ಕಾರ್ಮಿಕರು’ ಎಂದು. ರೋಗಾಣು ಮನುಷ್ಯನ ರಕ್ತದಲ್ಲಿ ಪ್ರಯಾಣಿಸುತ್ತದೆ ಎಂಬುದು ನಿಜ. ಆದರೆ ಸೊಳ್ಳೆಯಿಲ್ಲದೆ ಅದು ಒಬ್ಬರಿಂದ ಇನ್ನೊಬ್ಬರಿಗೆ ಹರಡದು, ಸೊಳ್ಳೆ ಹುಟ್ಟಿದ್ದು ನಮ್ಮ ಕಟ್ಟಡದ ನೀರಿನಲ್ಲಿ. ಅರ್ಧ ಕಟ್ಟಿದ ಮಹಡಿಯಲ್ಲೋ ತಗಡಿನ ಶೆಡ್ಡಿನಲ್ಲೋ ಸೊಳ್ಳೆ ಪರದೆಯಿಲ್ಲದೆ ಮಲಗುವ ಬಡವನಿಗೇ ಅದು ಮೊದಲು ಕಚ್ಚುವುದು. ವೈವಾಕ್ಸ್ ಮಲೇರಿಯಾದ ರೋಗಾಣು ಯಕೃತ್ತಿನಲ್ಲಿ ಅಡಗಿ ಕುಳಿತು ತಿಂಗಳುಗಳ ನಂತರವೂ ಮರುಕಳಿಸಬಲ್ಲದು. ಅದಕ್ಕಾಗಿ ವೈದ್ಯರು ಸಾಮಾನ್ಯವಾಗಿ 14 ದಿನಗಳ ಮಾತ್ರೆ ಕೊಡುತ್ತಾರೆ. ಜ್ವರ ಇಳಿದ ಮೂರನೆಯ ದಿನವೇ ಕೆಲಸಕ್ಕೆ ಕರೆದರೆ, ವಾರದೊಳಗೆ ಬೇರೆ ಊರಿಗೆ ಕಳುಹಿಸಿದರೆ, ಆ ಕೋರ್ಸ್ ಪೂರ್ತಿಯಾಗುವುದು ಹೇಗೆ? ನಮ್ಮ ಮನೆ ಕಟ್ಟುವವನ ಆರೋಗ್ಯ ನಮ್ಮ ಜವಾಬ್ದಾರಿಯಲ್ಲವೇ?

ಹೊಗೆ ಸಾಲದು

ರೋಗ ಹೆಚ್ಚಾದೊಡನೆ ಎಲ್ಲರೂ ಕೇಳುವುದು ಫಾಗಿಂಗ್. ತುರ್ತು ಸಂದರ್ಭದಲ್ಲಿ ಅದು ಬೇಕಾಗಬಹುದು. ಆದರೆ ಆ ಹೊಗೆ ಸಾಯಿಸುವುದು ಆ ಹೊತ್ತಿಗೆ ಹಾರುತ್ತಿರುವ ಸೊಳ್ಳೆಗಳನ್ನು ಮಾತ್ರ. ನೀರಿನಲ್ಲಿರುವ ಮರಿಗಳು ಹಾಗೆಯೇ ಉಳಿದು ಕೆಲವೇ ದಿನಗಳಲ್ಲಿ ಎದ್ದು ಬರುತ್ತವೆ. ಕೀಟನಾಶಕಕ್ಕೆ ಸೊಳ್ಳೆ ಯಾವುದು, ಮಿಂಚುಹುಳು ಯಾವುದು ಎಂಬ ಭೇದವೂ ತಿಳಿಯದು. ಮುಸ್ಸಂಜೆಯಲ್ಲಿ ಬಿಟ್ಟ ಹೊಗೆ ಮುಸ್ಸಂಜೆಯಲ್ಲೇ ಹಾರಲು ತೊಡಗುವ ಮಿಂಚುಹುಳುವನ್ನೂ ಬಿಡುವುದಿಲ್ಲ.

ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಬೇಕು. ಆದ್ದರಿಂದ ವಾರಕ್ಕೊಮ್ಮೆ ನಿಂತ ನೀರನ್ನೆಲ್ಲ ಚೆಲ್ಲಿ, ಪಾತ್ರೆಯ ಒಳಬದಿಯನ್ನು ತಿಕ್ಕಿ ತೊಳೆದು ಒಣಗಿಸಿದರೆ ಸಂತತಿ ಅಲ್ಲಿಗೇ ತುಂಡಾಗುತ್ತದೆ. ಖರ್ಚಿಲ್ಲದ ಕೆಲಸ, ಬೇಕಾದದ್ದು ಅರ್ಧ ಗಂಟೆ ಮಾತ್ರ. ಒಂದು ಮನೆ ಮಾಡಿ ಪಕ್ಕದ ಮನೆ ಬಿಟ್ಟರೆ ಮಾತ್ರ ಪ್ರಯೋಜನವಿಲ್ಲ. ಇಲ್ಲಿಯೇ ಧರ್ಮಕೇಂದ್ರಗಳ ಪಾತ್ರ ಬರುವುದು.

ನಮ್ಮಲ್ಲಿ ವಾರ್ಡ್‌ಗಳಿವೆ, ಗುರಿಕಾರರಿದ್ದಾರೆ, ಸ್ತ್ರೀ ಸಂಘಟನೆಯಿದೆ, ಐಸಿವೈಎಂ ಯುವಜನರಿದ್ದಾರೆ. ಯಾವ ಇಲಾಖೆಗೂ ಇಷ್ಟು ಮನೆಗಳ ಒಳಗೆ ಇಷ್ಟು ಸಲೀಸಾದ ಪ್ರವೇಶವಿಲ್ಲ. ಭಾನುವಾರದ ಪೂಜೆಯ ನಂತರ ಪ್ರತಿ ವಾರ್ಡ್ ತನ್ನ ಮನೆಗಳನ್ನು ನೋಡಿಕೊಂಡರೆ, ಜಾತಿ-ಧರ್ಮ ನೋಡದೆ ನೆರೆಹೊರೆಯವರನ್ನೂ ಸೇರಿಸಿಕೊಂಡರೆ, ಅದೇ ದೊಡ್ಡ ಆಂದೋಲನವಾದೀತು. ಮೊದಲು ಇಗರ್ಜಿಯ ಟ್ಯಾಂಕಿಗೆ ಮುಚ್ಚಳವಿದೆಯೇ, ಹಳೆಯ ಬಾವಿಗೆ ಗಪ್ಪಿ ಮೀನು ಬಿಟ್ಟಿದ್ದೇವೆಯೇ ಎಂದು ನೋಡೋಣ. ಸಿಮಿತ್ರಿಗೆ ಹೋಗಿ ನಮ್ಮವರ ಸಮಾಧಿಯ ಮೇಲೆ ಹೂವಿಟ್ಟು ಬರುತ್ತೇವೆ. ಹೂವು ಬಾಡುತ್ತದೆ, ಹೂದಾನಿಯ ನೀರು ಉಳಿಯುತ್ತದೆ. ಅಗಲಿದವರ ನೆನಪಿಗೆ ಇಟ್ಟ ನೀರಿನಿಂದ ಬದುಕಿರುವವರಿಗೆ ಜ್ವರ ಬರಬಾರದು. ಹೂದಾನಿಗೆ ಮರಳು ತುಂಬಿಸಿದರೆ ಸಾಕು.

ಪೋಪ್ ಫ್ರಾನ್ಸಿಸ್ 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಪ್ರಕೃತಿಯ ಸಮತೋಲನಕ್ಕೆ ಹುಳು, ಕೀಟಗಳಂಥ ಕಣ್ಣಿಗೆ ಬೀಳದ ಜೀವಿಗಳೂ ಅಗತ್ಯ ಎಂಬುದನ್ನು ನೆನಪಿಸಿದ್ದರು. ಭೂಮಿಯ ಕೂಗು ಮತ್ತು ಬಡವರ ಕೂಗು ಒಂದೇ ಎಂಬುದು ಆ ಪತ್ರದ ತಿರುಳು. ನಮ್ಮ ಊರಿನ ಮಟ್ಟಿಗೆ ಅದನ್ನು ಪಾಲಿಸುವುದು ಕಷ್ಟವೇನಲ್ಲ. ಹಬ್ಬ ಮುಗಿದ ಮೇಲೆ ಅಲಂಕಾರದ ದೀಪಗಳನ್ನು ಆರಿಸೋಣ, ಅಂಗಳದ ಮೂಲೆಯಲ್ಲಿ ಸ್ವಲ್ಪ ಮಣ್ಣು ಮತ್ತು ತರಗೆಲೆ ಉಳಿಸೋಣ, ನಿಂತ ನೀರನ್ನು ಚೆಲ್ಲೋಣ, ಪಕ್ಕದ ಶೆಡ್ಡಿನ ಕಾರ್ಮಿಕನಿಗೆ ಜ್ವರ ಬಂದರೆ ರಕ್ತ ಪರೀಕ್ಷೆಗೆ ಕರೆದೊಯ್ಯೋಣ. ಮುಂದಿನ ಮಳೆಗೆ ಮುನ್ನ ನಮ್ಮ ಮಕ್ಕಳು ಜ್ವರವಿಲ್ಲದೆ ಜಗಲಿಯಲ್ಲಿ ಕುಳಿತು ಮಿಂಚುಹುಳು ಎಣಿಸುವಂತಾದರೆ, ಅದಕ್ಕಿಂತ ದೊಡ್ಡ ಆಶೀರ್ವಾದ ಇನ್ನೇನಿದೆ?